ಶಿಲುಬೆಯ ಮೇಲಿನ ಬರಹ: ಒಂದು ತಪ್ಪು ಓದಿನಿಂದ ಕಲಿತದ್ದು

ಕಾಪುವಿನಿಂದ ಶಂಕರಪುರದ ಕಡೆಗೆ ಹೋಗುವ ಒಂದು ಒಳರಸ್ತೆಯ ತಿರುವಿನಲ್ಲಿ, ಮಲ್ಲಿಗೆ ತೋಟದ ಬದಿಗೆ, ಹಳೆಯ ಕಲ್ಲಿನ ಶಿಲುಬೆಯೊಂದು ಉಂಟು. ಮೂರು ಮೆಟ್ಟಿಲಿನ ಕಟ್ಟೆ, ಮೇಲೆ ಆಳೆತ್ತರದ ಕಂಬ, ಅಡ್ಡಕ್ಕೆ ಇನ್ನೊಂದು ಕಲ್ಲು. ಮೊದಲೆಲ್ಲ ಸುಣ್ಣ, ಈಚೆಗೆ ಆಯಿಲ್ ಪೈಂಟ್ ಬಳಿದು ಬಳಿದು ಕಲ್ಲಿನ ಮೂಲೆಗಳು ದುಂಡಗಾಗಿವೆ. ಕಟ್ಟೆಯ ಎದುರು ಮುಖದಲ್ಲಿ ಏನೋ ಅಕ್ಷರಗಳಿವೆ ಎಂದು ಗೊತ್ತಾದ ಮೇಲೆ ಮಣಿಪಾಲದ ಸಹೋದ್ಯೋಗಿಯೊಬ್ಬನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿದ್ದೆ. ಅವನು ಕಟ್ಟೆಯ ಬರಹ ನೋಡಲೇ ಇಲ್ಲ. ತಲೆಯೆತ್ತಿ ಶಿಲುಬೆಯ ತುದಿಯಲ್ಲಿದ್ದ ನಾಲ್ಕು ಲ್ಯಾಟಿನ್ ಅಕ್ಷರ ನೋಡಿ, "ಇದು ಗಲ್ಫಿನವರು ಕಟ್ಟಿಸಿದ್ದಾ? ಎನ್ನಾರೈ ಅಂತ ಬರೆದಿದೆ" ಅಂದ.

ನಕ್ಕೆ. ಆಮೇಲೆ, ಈ ನಾಲ್ಕು ಅಕ್ಷರಗಳನ್ನು ನಾನಾದರೂ ಯಾವಾಗ ಸರಿಯಾಗಿ ಓದಿದ್ದೇನೆ ಅಂತ ಯೋಚನೆ ಬಂತು. ಬಸದಿ, ದೇವಸ್ಥಾನ, ಕೆರೆಕಟ್ಟೆಗಳ ಕಲ್ಲು ಹುಡುಕಿಕೊಂಡು ಹದಿನೈದು ವರ್ಷ ತಿರುಗಿದ್ದೇನೆ. ದಾರಿಯಲ್ಲಿ ಸಿಕ್ಕ ಶಿಲುಬೆಗಳನ್ನು 'ಇದು ನಮ್ಮ ವಿಷಯ ಅಲ್ಲ' ಎಂದು ದಾಟಿ ಹೋದದ್ದೇ ಹೆಚ್ಚು. ಆದರೆ ಶಿಲುಬೆ ಹುಟ್ಟಿದ್ದೇ ಒಂದು ಬರಹವನ್ನು ತಲೆಯ ಮೇಲೆ ಹೊತ್ತುಕೊಂಡು.

ಆ ನಾಲ್ಕು ಅಕ್ಷರ ಐ, ಎನ್, ಆರ್, ಐ. ಬಿಡಿಸಿದರೆ 'ಇಯೇಸುಸ್ ನಜರೇನುಸ್ ರೆಕ್ಸ್ ಇಯುದೇಓರುಮ್', ಅಂದರೆ ನಜರೇತಿನ ಯೇಸು, ಯೆಹೂದ್ಯರ ಅರಸ. (ಯೇಸುವಿಗೆ 'ಜೆ' ಬದಲು 'ಐ' ಯಾಕೆ ಎಂದು ಕೇಳುವವರಿಗೆ: ಹಳೆಯ ಲ್ಯಾಟಿನ್ ಲಿಪಿಯಲ್ಲಿ 'ಜೆ' ಎಂಬ ಬೇರೆ ಅಕ್ಷರವೇ ಇರಲಿಲ್ಲ.) ಇದು ಭಕ್ತರು ಬರೆಸಿದ್ದಲ್ಲ. ರೋಮನ್ನರ ಆಡಳಿತದಲ್ಲಿ ಮರಣದಂಡನೆಗೆ ಗುರಿಯಾದವನ ಅಪರಾಧ ಏನೆಂದು ಹಲಗೆಯಲ್ಲಿ ಬರೆದು ಎಲ್ಲರಿಗೂ ತೋರಿಸುವ ಪದ್ಧತಿ ಇತ್ತು. ಈ ಹಲಗೆ ಬರೆಸಿದವನು ಯೂದಾಯದ ರೋಮನ್ ಅಧಿಕಾರಿ ಪಿಲಾತ. ಅಪರಾಧ: ತಾನು ಅರಸನೆಂದು ಹೇಳಿಕೊಂಡದ್ದು, ಅಂದರೆ ರಾಜದ್ರೋಹ. ಮೊಳೆ ಹೊಡೆಸಿಕೊಂಡು ತೂಗುವವನ ತಲೆಯ ಮೇಲೆ 'ಅರಸ' ಎಂದು ಬರೆದದ್ದರಲ್ಲಿ ಗೇಲಿಯೂ ಸೇರಿತ್ತು.

ಶಾಸನ ಓದುವವರಿಗೆ ಇಲ್ಲಿ ಹಬ್ಬದೂಟ. ಯೋಹಾನನ ಸುವಾರ್ತೆಯ ಪ್ರಕಾರ ಆ ಹಲಗೆ ಮೂರು ಭಾಷೆಗಳಲ್ಲಿತ್ತು: ಊರವರ ಹೀಬ್ರೂ, ಆಳುವವರ ಲ್ಯಾಟಿನ್, ಪೇಟೆಯ ವ್ಯವಹಾರದ ಗ್ರೀಕ್. ತ್ರಿಭಾಷಾ ಶಾಸನ. ನಾಲ್ಕು ಸುವಾರ್ತೆಗಳಲ್ಲಿ ನಾಲ್ಕು ಪಾಠಾಂತರಗಳು ಬೇರೆ. ಮಾರ್ಕನದು ತೀರಾ ಚುಟುಕು, ಹೆಸರು ಕೂಡ ಇಲ್ಲ, ಮತ್ತಾಯನಲ್ಲಿ ಹೆಸರುಂಟು, ಯೋಹಾನನಲ್ಲಿ ಊರೂ ಉಂಟು. ನಾಲ್ಕರಲ್ಲೂ ತಪ್ಪದೆ ಉಳಿದದ್ದು 'ಯೆಹೂದ್ಯರ ಅರಸ' ಎಂಬ ಭಾಗ. ಕರಡು ತಿದ್ದಿಸುವ ಪ್ರಯತ್ನವೂ ನಡೆಯಿತು. 'ಅರಸ' ಎಂದು ನೇರವಾಗಿ ಬರೆಯಬೇಡ, 'ಅರಸನೆಂದು ಹೇಳಿಕೊಂಡ' ಎಂದು ಬರೆ ಎಂದು ಯಾಜಕರು ಪಿಲಾತನನ್ನು ಕೇಳಿಕೊಂಡರಂತೆ. ಬರೆದದ್ದನ್ನು ತಿದ್ದುವುದಿಲ್ಲ ಎಂದು ಅವನು ಕಡ್ಡಿ ಮುರಿದ ಹಾಗೆ ಹೇಳಿದ. ಕಲ್ಲಿನ ಮೇಲೆ ಕೆತ್ತಿ ಆದ ಮೇಲೆ ಬದಲಾವಣೆ ಕೇಳಿದರೆ ನಮ್ಮ ಶಿಲ್ಪಿಗಳೂ ಇದೇ ಉತ್ತರ ಕೊಟ್ಟಿರಬೇಕು.

ಈ ಪಿಲಾತನಿಗೂ ಕಲ್ಲಿನ ಸಾಕ್ಷಿ ಉಂಟು. 1961ರಲ್ಲಿ ಇಸ್ರೇಲಿನ ಕರಾವಳಿಯ ಕೈಸರೇಯದ ಹಳೆಯ ರಂಗಮಂದಿರದಲ್ಲಿ ಸುಣ್ಣಕಲ್ಲಿನ ಚಪ್ಪಡಿಯೊಂದು ಸಿಕ್ಕಿತು. ಲ್ಯಾಟಿನ್ ಬರಹ, ಅರ್ಧ ಸವೆದದ್ದು. ಪಿಲಾತನ ಹೆಸರೂ ಅವನ ಹುದ್ದೆಯೂ ಓದಲು ಸಿಗುತ್ತವೆ. ಯಾರೋ ಅದನ್ನು ಕಿತ್ತು ತಂದು ಮೆಟ್ಟಿಲಿಗೆ ಹಾಕಿದ್ದರು. ಬಾರ್ಕೂರಿನಲ್ಲಿ ಶಾಸನದ ಕಲ್ಲು ಬಟ್ಟೆ ಒಗೆಯಲು ಬಳಕೆಯಾದದ್ದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದು ಸಾಕ್ಷಿ ಕಲ್ಲಿನದಲ್ಲ, ಮೂಳೆಯದು. 1968ರಲ್ಲಿ ಜೆರುಸಲೇಮಿನ ಉತ್ತರಕ್ಕೆ ಒಂದು ಗುಹಾಸಮಾಧಿಯಲ್ಲಿ ಅಸ್ಥಿಪೆಟ್ಟಿಗೆ ಸಿಕ್ಕಿತು. ಹೊರಮೈಯಲ್ಲಿ ಗೀಚಿದ ಹೆಸರು ಯೆಹೋಹಾನನ್. ಒಳಗೆ ಒಂದು ಹಿಮ್ಮಡಿಯ ಮೂಳೆ, ಅದರೊಳಗೆ ತೂರಿಕೊಂಡೇ ಇದ್ದ ಸುಮಾರು 11.5 ಸೆಂಟಿಮೀಟರಿನ ಕಬ್ಬಿಣದ ಮೊಳೆ. ಮೊಳೆಯ ತುದಿ ಬಾಗಿತ್ತು. ಮರದ ಗಂಟಿಗೆ ತಾಗಿ ಬಾಗಿರಬೇಕು, ಹಾಗಾಗಿ ಹೆಣ ಇಳಿಸುವಾಗ ಕೀಳಲು ಆಗಲಿಲ್ಲ ಎನ್ನುತ್ತಾರೆ. ಸಾವಿರಾರು ಜನರನ್ನು ಹೀಗೆ ಕೊಂದ ಸಾಮ್ರಾಜ್ಯದಲ್ಲಿ ನಮಗೆ ಉಳಿದ ಕೆಲವೇ ಸ್ಪಷ್ಟ ಪುರಾವೆಗಳಲ್ಲಿ ಇದೊಂದು ಉಳಿದದ್ದು ಒಂದು ಮೊಳೆ ಹಾಳಾದ್ದರಿಂದ. ಇಂಜಿನಿಯರ್ ಆದ ನನಗೆ ಇದು ಮರೆಯದ ವಿವರ.

ಈ ಶಿಕ್ಷೆ ಗುಲಾಮರಿಗೆ, ದಂಗೆಕೋರರಿಗೆ, ದರೋಡೆಕೋರರಿಗೆ. ರೋಮನ್ ಪ್ರಜೆಗಳಿಗೆ ಸಾಮಾನ್ಯವಾಗಿ ಇರಲಿಲ್ಲ. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಶೂಲಕ್ಕೇರಿಸುವುದು. ಶೂಲಕ್ಕೇರಿಸುವ ಆ ಕಂಬದ ಸಣ್ಣ ಪ್ರತಿಯನ್ನು ಚಿನ್ನದಲ್ಲಿ ಮಾಡಿಸಿ ಮಗುವಿನ ಕೊರಳಿಗೆ ಹಾಕುವುದನ್ನು ಊಹಿಸಿ. ಮೊದಲ ಶತಮಾನದವರಿಗೆ ಶಿಲುಬೆ ಅಷ್ಟು ಅಸಹ್ಯದ ವಸ್ತು. ಶಿಲುಬೆಗೇರಿದವನನ್ನು ದೇವರೆನ್ನುವುದು ಕೇಳುವವರಿಗೆ ಹುಚ್ಚಾಗಿ ಕಾಣುತ್ತದೆಂದು ಪೌಲನೇ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಒಪ್ಪಿಕೊಳ್ಳುತ್ತಾನೆ. ರೋಮಿನ ಪಾಲಟೈನ್ ಗುಡ್ಡದಲ್ಲಿ 1857ರಲ್ಲಿ ಬೆಳಕಿಗೆ ಬಂದ ಒಂದು ಗೋಡೆ ಗೀಚಿನಲ್ಲಿ ಕತ್ತೆಯ ತಲೆಯ ಮನುಷ್ಯ ಶಿಲುಬೆಯ ಮೇಲಿದ್ದಾನೆ, ಕೆಳಗೆ ಒಬ್ಬ ಕೈಯೆತ್ತಿ ನಿಂತಿದ್ದಾನೆ. ಪಕ್ಕದಲ್ಲಿ ವಕ್ರ ಗ್ರೀಕಿನಲ್ಲಿ, ಅಲೆಕ್ಸಮೆನೋಸ್ ತನ್ನ ದೇವರನ್ನು ಪೂಜಿಸುತ್ತಿದ್ದಾನೆ ಎಂಬ ಲೇವಡಿ. ಸುಮಾರು ಕ್ರಿ.ಶ. 200ರ ಹೊತ್ತಿನದು. ಶಿಲುಬೆಯ ಮೇಲಿನ ಯೇಸುವಿನ ಅತಿ ಹಳೆಯ ಚಿತ್ರಗಳಲ್ಲಿ ಇದೂ ಒಂದು, ಬಿಡಿಸಿದವನು ವೈರಿ.

ಸುಮಾರು ಅದೇ ಕಾಲಕ್ಕೆ ಕ್ರೈಸ್ತ ಲಿಪಿಕಾರರು ಪಪೈರಸ್ ಪ್ರತಿಗಳಲ್ಲಿ ಒಂದು ಚಮತ್ಕಾರ ಮಾಡಿದ್ದರು. ಗ್ರೀಕಿನಲ್ಲಿ ಶಿಲುಬೆಗೆ 'ಸ್ತೌರೋಸ್'. ಆ ಪದ ಬರೆಯುವಾಗ ಅದರೊಳಗಿನ 'ತೌ' ಮತ್ತು 'ರೋ' ಎಂಬ ಎರಡು ಅಕ್ಷರಗಳನ್ನು ಒಂದರ ಮೇಲೊಂದು ಕೂಡಿಸಿದರು. ನೋಡಿದರೆ ಕಂಬಕ್ಕೆ ತೂಗುವ ಮನುಷ್ಯನ ಹಾಗೆ ಕಾಣುತ್ತದೆ. ಚಿತ್ರ ಬರೆಯಲು ಇನ್ನೂ ಧೈರ್ಯವಿಲ್ಲದವರು ಅಕ್ಷರದಲ್ಲೇ ಚಿತ್ರ ಅಡಗಿಸಿದರು ಎಂದು ನನಗೆ ಅನಿಸುತ್ತದೆ. ನಾಲ್ಕನೇ ಶತಮಾನದಲ್ಲಿ ಕಾನ್‌ಸ್ಟಂಟೈನ್ ಕಾಲಕ್ಕೆ ಈ ಶಿಕ್ಷೆ ನಿಂತುಹೋಯಿತು. ಶಿಲುಬೆಯ ಮೇಲೆ ಸಾಯುವವರನ್ನು ಕಣ್ಣಾರೆ ಕಂಡ ತಲೆಮಾರುಗಳು ಮುಗಿದ ಮೇಲೆಯೇ ಅದು ಎಲ್ಲೆಲ್ಲೂ ರಾಜಾರೋಷವಾಗಿ ಕಾಣಿಸಿಕೊಂಡದ್ದು.

ನಮ್ಮವರಿಗೆ ಇದನ್ನು ವಿವರಿಸುವಾಗ ನಾನು ವೀರಗಲ್ಲನ್ನು ಪಕ್ಕದಲ್ಲಿಡುತ್ತೇನೆ. ವೀರಗಲ್ಲೂ ಒಂದು ಹಿಂಸೆಯ ಸಾವಿನ ಸ್ಮಾರಕ. ತುರುಗಳಿಗಾಗಿ, ಊರಿಗಾಗಿ ಸತ್ತವನು ಕೆಳಗಿನ ಪಟ್ಟಿಕೆಯಲ್ಲಿ ಕಾದುತ್ತಾನೆ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುತ್ತಾರೆ, ಮೇಲೆ ಶಿವನ ಸನ್ನಿಧಿ. ಇತರರಿಗಾಗಿ ಸತ್ತು ಸಾವನ್ನು ಗೆದ್ದವನು ಎಂಬ ಮಟ್ಟಿಗೆ ಎರಡೂ ಹತ್ತಿರ. ಶಿಲುಬೆಯ ಕತೆಯೂ ಶುಭ ಶುಕ್ರವಾರಕ್ಕೆ ನಿಲ್ಲುವುದಿಲ್ಲ. ಮೂರನೇ ದಿನದ ಪುನರುತ್ಥಾನ ಇಲ್ಲದಿದ್ದರೆ ಅದು ಕ್ರೈಸ್ತರಿಗೆ ಬರೀ ಕೊಲೆಗಂಬ. ಆದರೆ ಒಂದು ದೊಡ್ಡ ವ್ಯತ್ಯಾಸ. ವೀರಗಲ್ಲು ಹಾಕಿಸಿದವರು ವೀರನ ಕಡೆಯವರು. ಶಿಲುಬೆಯ ಮೇಲಿನ ಬರಹ ಹಾಕಿಸಿದವನು ಕೊಲ್ಲಿಸಿದವನು. ವೈರಿ ಹಾಕಿಸಿದ ಬರಹವನ್ನು ಭಕ್ತರು ಒಂದಕ್ಷರ ಬದಲಿಸದೆ ಸತ್ಯವೆಂದು ಓದಿದ್ದಾರೆ.

ಹಾಗೆ ಓದಿದವರಲ್ಲಿ ಮೊದಲಿಗ ಯಾರು? ಲೂಕನ ಸುವಾರ್ತೆಯಲ್ಲಿ ಪಕ್ಕದ ಶಿಲುಬೆಯಲ್ಲಿ ತೂಗುತ್ತಿದ್ದ ಅಪರಾಧಿಯೊಬ್ಬ ಬರುತ್ತಾನೆ. ಎಲ್ಲರೂ ಗೇಲಿ ಮಾಡುವಾಗ ಅವನೊಬ್ಬ ಯೇಸುವಿಗೆ ರಾಜ್ಯ ಉಂಟೆಂದು ನಂಬಿ, ಅಲ್ಲಿ ತನ್ನನ್ನು ನೆನಪಿಟ್ಟುಕೊಳ್ಳಬೇಕೆಂದು ಬೇಡುತ್ತಾನೆ. ಅವನು ತನ್ನ ಅಪರಾಧವನ್ನು ಅಲ್ಲಗಳೆಯುವುದೂ ಇಲ್ಲ. ನೆನಪಿಟ್ಟುಕೋ, ಕರುಣೆ ತೋರು: ಶಿಲುಬೆಯ ಕೆಳಗೆ ಜನ ಬರೆಸುತ್ತ ಬಂದದ್ದು ಬಹುಪಾಲು ಈ ಎರಡೇ ಮಾತುಗಳು. ಇದು ನನಗೆ ತಿಳಿದದ್ದು ಬರ್ನೆಲ್ ಸಾಹೇಬರ ದೆಸೆಯಿಂದ.

ಎ.ಸಿ. ಬರ್ನೆಲ್ ಹೆಸರನ್ನು ಲಿಪಿಶಾಸ್ತ್ರದ ಹುಚ್ಚಿರುವವರಿಗೆ ಪರಿಚಯಿಸಬೇಕಾಗಿಲ್ಲ. ದಕ್ಷಿಣ ಭಾರತದ ಲಿಪಿಗಳ ಬಗ್ಗೆ ಅವರ ಪುಸ್ತಕ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿ, 1874ರಲ್ಲಿ. ಅವರು ಆಗ ಅಲ್ಲಿ ನ್ಯಾಯಾಧೀಶರು. ತುಳುನಾಡಿನ ಪಾಡ್ದನಗಳನ್ನು ಸಂಗ್ರಹಿಸಿದವರೂ ಅವರೇ. ಅದಕ್ಕೆ ಒಂದು ವರ್ಷ ಮೊದಲು, 1873ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಅವರದೊಂದು ಸಣ್ಣ ಪುಸ್ತಿಕೆ ಬಂತು, ದಕ್ಷಿಣ ಭಾರತದ ಪಹ್ಲವಿ ಶಾಸನಗಳ ಮೇಲೆ.

ಪಹ್ಲವಿ ಎಂದರೆ ಇಸ್ಲಾಂ ಪೂರ್ವದ ಪರ್ಷಿಯಾದ ಭಾಷೆ, ಲಿಪಿ. ಚೆನ್ನೈಯ ಸೈಂಟ್ ಥಾಮಸ್ ಮೌಂಟಿನಲ್ಲಿ 1547ರಲ್ಲಿ ಪೋರ್ಚುಗೀಸರು ಅಡಿಪಾಯ ಅಗೆಯುವಾಗ ಒಂದು ಕಲ್ಲಿನ ಶಿಲುಬೆ ಸಿಕ್ಕಿತು, ಸುತ್ತಲೂ ಕಮಾನಿನ ಮೇಲೆ ಪಹ್ಲವಿ ಬರಹ. ಕೋಟ್ಟಯಂನ ವಲಿಯ ಪಳ್ಳಿಯಲ್ಲೂ ಅಂಥವು ಉಂಟು. ಗೋವಾದ ಅಗಶಿಯಲ್ಲಿ 2001ರಲ್ಲಿ ಪಾದ್ರಿ ಕೊಸ್ಮೆ ಕೊಸ್ತಾ ಅವರಿಗೆ ಇನ್ನೊಂದು ಸಿಕ್ಕಿತು. ಗೋವಾಕ್ಕೂ ಕೇರಳಕ್ಕೂ ನಡುವೆ ಇರುವುದು ನಮ್ಮದೇ ಕರಾವಳಿ ಎಂಬುದನ್ನು ನೆನಪಿಡಿ. ಈ ಶಿಲುಬೆಗಳಲ್ಲಿ ಯೇಸುವಿನ ದೇಹವಿಲ್ಲ. ತುದಿಗಳು ಮೊಗ್ಗಿನ ಹಾಗೆ ಅರಳಿವೆ, ಬುಡದಲ್ಲಿ ಎಲೆ, ಕಮಲದಂಥ ದಳಗಳು, ಮೇಲಿನಿಂದ ಇಳಿಯುವ ಪಾರಿವಾಳ. ಕೊಲೆಗಂಬ ಇಲ್ಲಿ ಚಿಗುರಿದ ಮರ.

ಬರ್ನೆಲ್ ಆ ಬರಹವನ್ನು ಒಂದು ತತ್ತ್ವ ನಿರೂಪಣೆ ಎಂದು ಓದಿದರು: ಶಿಲುಬೆಯಲ್ಲಿ ನೋವುಂಡವನೇ ನಿಜವಾದ ಕ್ರಿಸ್ತ, ಮೇಲಿನ ದೇವರೂ ಅವನೇ ಎಂಬ ಅರ್ಥದಲ್ಲಿ. ಜರ್ಮನ್ ವಿದ್ವಾಂಸ ಹೌಗ್ ಬೇರೆ ರೀತಿ ಓದಿದರೂ ಅವರಿಗೂ ಕಂಡದ್ದು ಧರ್ಮತತ್ತ್ವವೇ. ಬರಹ ಎರಡು ತುಂಡಾಗಿದ್ದು, ಯಾವುದನ್ನು ಮೊದಲು ಓದಬೇಕು ಎಂಬುದೇ ತಕರಾರು. ಪಹ್ಲವಿಯಲ್ಲಿ ಒಂದೇ ಆಕಾರ ಹಲವು ಅಕ್ಷರಗಳಿಗೆ ನಡೆಯುತ್ತದೆ, ಹಾಗಾಗಿ ಓದುವವನ ನಿರೀಕ್ಷೆ ಸುಲಭವಾಗಿ ಒಳಗೆ ನುಸುಳುತ್ತದೆ. 1920ರ ದಶಕದ ಕೊನೆಗೆ ವಿಂಕ್‌ವರ್ತ್, 1970ರಲ್ಲಿ ಗೆರ್ಡ್ ಗ್ರಾಪ್ ಹೊಸದಾಗಿ ಓದಿದರು. ಹೆಸರುಗಳ ಬಗ್ಗೆ ಅವರಿಬ್ಬರಿಗೂ ಒಮ್ಮತವಿಲ್ಲ. ವಾಕ್ಯದ ಸ್ವರೂಪದ ಬಗ್ಗೆ ಉಂಟು. ಅದು ತತ್ತ್ವವಲ್ಲ, ಬಿನ್ನಹ. ಇಂಥವನ ಮಗ ಇಂಥವನು ಇದನ್ನು ಮಾಡಿಸಿದ, ಕ್ರಿಸ್ತ ಒಡೆಯನೇ ಅವನ ಮೇಲೆ ಕರುಣೆ ಇರಲಿ, ಇಷ್ಟೆ.

ನಮ್ಮ ದಾನಶಾಸನ ಓದಿದವರಿಗೆ ಇದು ಎಷ್ಟು ಪರಿಚಿತ ನೋಡಿ. ಕಾರ್ಕಳದ ಗೊಮ್ಮಟನ ಪಕ್ಕದ ಬರಹವೂ 1432ರಲ್ಲಿ ಯಾರು, ಯಾರ ಮಗ, ಯಾವ ಗುರುವಿನ ಮಾತಿನಂತೆ ಮಾಡಿಸಿದ ಎಂದು ಹೇಳುತ್ತದೆಯೇ ಹೊರತು ಜೈನ ತತ್ತ್ವ ಏನೆಂದು ವಿವರಿಸಲು ಕೂರುವುದಿಲ್ಲ. ತತ್ತ್ವ ಮೂರ್ತಿಯಲ್ಲೇ ಉಂಟು, ಬರಹದ ಕೆಲಸ ಬೇರೆ. ಬರ್ನೆಲ್ಲರನ್ನು ಹೀಗಳೆಯುವ ಯೋಗ್ಯತೆ ನನ್ನದಲ್ಲ. ಯಾರೂ ಮುಟ್ಟದ ಲಿಪಿಯನ್ನು ಮಂಗಳೂರಿನ ಸೆಕೆಯಲ್ಲಿ ಕುಳಿತು ಬಿಡಿಸಲು ಹೊರಟವರು. ಅವರ ತಪ್ಪು ಯಾಕೆ ಆಪ್ತವೆನಿಸುತ್ತದೆ ಎಂಬುದನ್ನು ಕೊನೆಗೆ ಹೇಳುತ್ತೇನೆ.

ಶಿಲುಬೆ ಯಾವಾಗಲೂ ಬಿನ್ನಹವಾಗಿಯೇ ಬಂದಿತು ಎಂದರೆ ಅದು ಸುಳ್ಳಾದೀತು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯಿಂದ ಹಿಂದಿರುಗುವಾಗ ನಮ್ಮ ಕರಾವಳಿಯ ದ್ವೀಪವೊಂದರಲ್ಲಿ 'ಸಾಂತಾ ಮರಿಯಾ' ಎಂಬ ಕಂಬ ನೆಡಿಸಿದ. ಮಲ್ಪೆಯ ಸೈಂಟ್ ಮೇರೀಸ್ ದ್ವೀಪಕ್ಕೆ ಆ ಹೆಸರೇ ನಿಂತಿತು ಎಂಬುದು ಪ್ರತೀತಿ. ಪೋರ್ಚುಗೀಸರು ಇಂಥ ಕಂಬಗಳನ್ನು 'ಪದ್ರಾಓ' ಎನ್ನುತ್ತಿದ್ದರು: ತಮ್ಮ ರಾಜನ ಲಾಂಛನ, ಬರಹ, ತುದಿಯಲ್ಲಿ ಶಿಲುಬೆ. ಆಫ್ರಿಕಾದ ಮಲಿಂದಿಯಲ್ಲಿ ಅವನದೇ ಒಂದು ಉಳಿದಿದೆ, ನಮ್ಮದು ಉಳಿದಿಲ್ಲ. ಅರಸನೆಂದು ಹೇಳಿಕೊಂಡ ಆರೋಪದ ಮೇಲೆ ಕೊಲ್ಲಲ್ಪಟ್ಟವನ ಗುರುತು, ಇಲ್ಲಿ ನಿಜವಾದ ಅರಸನೊಬ್ಬನ ಗಡಿಕಲ್ಲಾಗಿತ್ತು. ಅದೇ ಪ್ರಯಾಣದಲ್ಲಿ ಕಲ್ಲಿಕೋಟೆಯ ದೇವಸ್ಥಾನವನ್ನು ಇಗರ್ಜಿ ಎಂದೇ ತಿಳಿದು ಒಳಗೆ ಹೋಗಿ ಕೈಮುಗಿದವರೂ ಇವರೇ. ತಪ್ಪು ಓದಿನ ಪಟ್ಟಿಯಲ್ಲಿ ಇದಕ್ಕೂ ಒಂದು ಜಾಗ ಇರಲಿ.

ಸ್ವಲ್ಪ ಸಮಯದ ನಂತರದ, 1556ರ ಕಾಪು ತಾಮ್ರಶಾಸನ ಬಸದಿಗೆ ಭೂಮಿ ಬಿಟ್ಟದ್ದನ್ನು ದಾಖಲಿಸುತ್ತದೆ. ಅದರ ಶಾಪದ ಭಾಗ ಕುತೂಹಲದ್ದು: ಈ ಧರ್ಮವನ್ನು ಕೆಡಿಸಿದವನು ಜೈನನಾದರೆ ಒಂದು ಪಾಪ, ಶೈವನಾದರೆ ಒಂದು, ವೈಷ್ಣವನಾದರೆ ಇನ್ನೊಂದು, ಅವರವರ ಪುಣ್ಯಕ್ಷೇತ್ರಗಳ ಹೆಸರು ಹಿಡಿದು. ಯಾರಿಗೆ ಯಾವುದು ಒಡೆಯಬಾರದ ವಸ್ತು ಎಂಬ ತಿಳಿವಳಿಕೆ ಆ ಬರಹಗಾರನಿಗೆ ಚೆನ್ನಾಗಿತ್ತು. ನೂರಿನ್ನೂರು ವರ್ಷ ಕಳೆದು ಬರೆಸಿದ್ದರೆ ಶಿಲುಬೆಯೂ ಆ ಸಾಲಿಗೆ ಸೇರುತ್ತಿತ್ತೇನೋ. 1678ರಲ್ಲಿ ಕಲ್ಯಾಣಪುರದ ಮಿಲಾಗ್ರಿಸ್, 1759ರಲ್ಲಿ ಕಾರ್ಕಳದ ಅತ್ತೂರು ಇಗರ್ಜಿಗಳು ಎದ್ದವು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಹೆಚ್ಚಿನ ಇಗರ್ಜಿಗಳನ್ನು ನೆಲಸಮ ಮಾಡಲಾಯಿತು. ಈಗ ನಾವು ಕಾಣುವ ಕಲ್ಲುಗಳಲ್ಲಿ ಹೆಚ್ಚಿನವು 1799ರಲ್ಲಿ ಟಿಪ್ಪು ಸತ್ತು ಬದುಕುಳಿದವರು ಮರಳಿದ ಮೇಲಿನವು. ಹದಿನೆಂಟನೇ ಶತಮಾನದ ಬರಹ ಇಲ್ಲಿ ಅಪರೂಪವಾಗಿರಲು ಇದೂ ಕಾರಣ.

ಶಬ್ದಗಳ ಬಗ್ಗೆ ಎರಡು ಮಾತು. ನಮ್ಮ ಊರಿನ ಕ್ಯಾಥೊಲಿಕರು ಕೊಂಕಣಿಯಲ್ಲಿ 'ಖುರಿಸ್' ಎನ್ನುತ್ತಾರೆ, ಅದು ಪೋರ್ಚುಗೀಸ್ 'ಕ್ರೂಸ್'ನಿಂದ ಬಂದದ್ದು. ತಪಸ್ಸಿನ ಕಾಲದಲ್ಲಿ ಹದಿನಾಲ್ಕು ಠಾಣೆಗಳ ಎದುರು ನಿಂತು ಮಾಡುವ ಪ್ರಾರ್ಥನೆ 'ಖುರ್ಸಾಚಿ ವಾಟ್', ಶಿಲುಬೆಯ ಹಾದಿ. ಕನ್ನಡದ 'ಶಿಲುಬೆ' ತಮಿಳಿನ 'ಸಿಲುವೈ' ದಾರಿಯಾಗಿ ಸಿರಿಯಾಕ್ 'ಸ್ಲೀಬಾ'ಕ್ಕೆ ಹೋಗುತ್ತದೆ. ಪಹ್ಲವಿ ಶಿಲುಬೆ ನೆಟ್ಟವರ ಆರಾಧನೆಯ ಭಾಷೆ ಅದೇ ಸಿರಿಯಾಕ್. ಅಂದರೆ ಕೊಂಕಣಿಯ ಮಾತು ಬಂದದ್ದು ಗಾಮನ ಹಡಗಿನ ಹಿಂದೆ, ಕನ್ನಡದ ಮಾತಿನ ಬೇರು ಅದಕ್ಕೂ ಎಷ್ಟೋ ಹಿಂದಿನ ಪರ್ಷಿಯಾದ ವರ್ತಕರ ಹಡಗಿನಲ್ಲಿ. ಉಡುಪಿಯ ಶೋಕಮಾತಾ ಇಗರ್ಜಿಯ ಹೆಸರಿನಲ್ಲೂ ಇದೇ ಕತೆ ಉಂಟು. ಮಗನ ಶಿಲುಬೆಯ ಬುಡದಲ್ಲಿ ನಿಂತ ತಾಯಿಯ ದುಃಖ ಅದು.

ಇನ್ನು ಆ ಕಟ್ಟೆಯ ಬರಹ. ಸಂಜೆಯ ಹೊತ್ತಿಗೆ ಮೊಬೈಲ್ ಟಾರ್ಚನ್ನು ಅಡ್ಡಕ್ಕೆ ಹಿಡಿದು ಫೋಟೋ ತೆಗೆದೆ. (ದಯವಿಟ್ಟು ಯಾರೂ ಬಣ್ಣ ಕೆರೆಯಬೇಡಿ, ಅಡ್ಡಬೆಳಕು ಸಾಕು.) ಕನ್ನಡ ಲಿಪಿ. ಮೊದಲ ಸಾಲಿನಲ್ಲಿ 1919. ಎರಡನೆಯದರಲ್ಲಿ ಒಂದು ಹೆಸರು. ಮೂರನೆಯದರಲ್ಲಿ 'ಆತ್ಮ' ಎಂದು ಶುರುವಾಗಿ ನಡುವೆ ಪೈಂಟು ತುಂಬಿ ಮಾಯ, ಕೊನೆಗೆ 'ಮಗ'. ನಾನು ಖುಷಿಯಿಂದ ಓದಿದೆ: ಇಂಥವರು, ಆತ್ಮಾ... ಎಂಬವರ ಮಗ. ಕ್ರೈಸ್ತರ ಕಟ್ಟೆಯ ಮೇಲೆ ಆತ್ಮಾರಾಮನೋ ಆತ್ಮಾನಂದನೋ ಹೇಗೆ ಬಂದ ಎಂದು ಅನುಮಾನ ಬರಬೇಕಿತ್ತು. ಬರಲಿಲ್ಲ. ಬದಲಿಗೆ, ಮತಾಂತರದ ಮೇಲೂ ಹಳೆಯ ಹೆಸರು ಉಳಿಸಿಕೊಂಡ ಕುಟುಂಬ ಎಂದು ಒಂದು ಸಿದ್ಧಾಂತವನ್ನೇ ಕಟ್ಟಿ, ಎರಡು ಪುಟ ಬರೆದಿಟ್ಟೆ. ವಂಶಾವಳಿ ಓದಿ ಓದಿ ಅಭ್ಯಾಸವಾದ ಕಣ್ಣಿಗೆ 'ಮಗ' ಕಂಡೇ ಕಾಣುತ್ತದೆ.

ಎರಡು ವಾರ ಬಿಟ್ಟು ಇನ್ನೊಮ್ಮೆ ಅಳತೆ ತೆಗೆಯಲು ಹೋದಾಗ ಆ ಮನೆಯ ಹಿರಿಯರು ಸಿಕ್ಕಿದರು. ಊರವರೆಲ್ಲ ಅವರನ್ನು ಕರೆಯುವ ಹಾಗೆ ನಾನೂ "ಪೊರ್ಬುಗಳೇ" ಎಂದು ಕರೆದು, ನನ್ನ ಓದನ್ನು ಹೆಮ್ಮೆಯಿಂದ ಒಪ್ಪಿಸಿದೆ. ಅವರು ಬಗ್ಗಿ ಮೂರನೇ ಸಾಲಿನ ಮೇಲೆ ಬೆರಳಾಡಿಸಿದರು. ಓದಿದ್ದು ಕಣ್ಣಿನಿಂದಲ್ಲ, ನೆನಪಿನಿಂದ.

"ಮಗ ಅಲ್ಲ ಮಾರಾಯ್ರೆ. ಮಾಗಾ. ಆತ್ಮ್ಯಾ ಖಾತಿರ್ ಮಾಗಾ. ಇದು ಕನ್ನಡ ಅಲ್ಲ, ನಮ್ಮ ಕೊಂಕಣಿ."

ಆತ್ಮಕ್ಕಾಗಿ ಪ್ರಾರ್ಥಿಸಿ. ಎರಡು ದೀರ್ಘಗಳು ಪೈಂಟಿನಡಿ ಮುಚ್ಚಿಹೋಗಿದ್ದವು. ಲಿಪಿ ಕನ್ನಡ ಎಂದ ಮಾತ್ರಕ್ಕೆ ಭಾಷೆಯೂ ಕನ್ನಡ ಎಂದು ಹಿಡಿದದ್ದು ನನ್ನ ತಪ್ಪು. ಮೇಲಿನ ಸಾಲಿನ ಹೆಸರೂ ಗಂಡಸಿನದಲ್ಲ, ಅವರ ಅಜ್ಜಿಯದು. ಜ್ವರದ ಕಾಲದಲ್ಲಿ ತೀರಿಹೋದರಂತೆ. ಸಣ್ಣ ಮಕ್ಕಳನ್ನು ಬಿಟ್ಟು ಹೋದ ಹೆಂಡತಿಗಾಗಿ ಅಜ್ಜ ಕಟ್ಟಿಸಿದ ಖುರಿಸ್ ಅದು. ಸಮಾಧಿ ಇಗರ್ಜಿಯ ಬಳಿ ಬೇರೆ ಉಂಟು. ಹಾಗಾದರೆ ದಾರಿಬದಿಯಲ್ಲಿ ಯಾಕೆ ಕಟ್ಟಿಸಿದರು ಎಂದು ಕೇಳಿದೆ.

"ಇಗರ್ಜಿಗೆ ನಾವು ಮಾತ್ರ ಹೋಗುವುದಲ್ವಾ? ದಾರಿಯಲ್ಲಾದರೆ ಎಲ್ಲರೂ ಹೋಗ್ತಾರೆ. ಯಾರಾದರೂ ಒಬ್ಬರು ನಿಂತು ಅವಳ ಹೆಸರಲ್ಲಿ ಬೇಡಿದರೆ ಆಯ್ತು ಅಂತ ಅಜ್ಜ ಹೇಳ್ತಿದ್ದರಂತೆ."

ಮನೆಗೆ ಬಂದು ಆ ಎರಡು ಪುಟ ಹರಿದು ಹಾಕಿದೆ. ಟಿಪ್ಪಣಿ ಪುಸ್ತಕದಲ್ಲಿ ಪಾಠ ತಿದ್ದಿಕೊಂಡೆ. ಮನೆಯವರ ಇಷ್ಟದಂತೆ ಆಕೆಯ ಹೆಸರನ್ನು ಇಲ್ಲಿ ಹಾಕಿಲ್ಲ. ಆ ದಾರಿಯಲ್ಲಿ ಹೋಗುವವರಿಗೆ ಕಲ್ಲಿನ ಮೇಲೆ ಸಿಗುತ್ತದೆ.

ಹೊರಡುವಾಗ, ಮುಂದಿನ ಸಲ ಬಣ್ಣ ಹೊಡೆಸುವಾಗ ಅಕ್ಷರಗಳ ಕುಳಿ ಬಿಟ್ಟು ಹೊಡೆಯಲು ಹೇಳಿ, ಮುಖ್ಯವಾಗಿ ಆ ದೀರ್ಘ ಮುಚ್ಚಿಹೋಗಬಾರದು ಎಂದಿದ್ದೆ.

"ಪೈಂಟರಿಗೆ ಅದೆಲ್ಲ ಹೇಳಿದರೆ ಅರ್ಥ ಆಗುವುದಿಲ್ಲ" ಅಂದರು ಪೊರ್ಬುಗಳು. "ಹಬ್ಬಕ್ಕೆ ಮುಂಚೆ ಹೊಡೆಸುವುದುಂಟು. ಫೋನ್ ಮಾಡ್ತೇನೆ, ನೀವೇ ಬಂದು ನಿಂತುಕೊಳ್ಳಿ."